ಭಾವ ಮುಟ್ಟಬಾರದ ಆರು ಎಕರೆ

ಹುಲ್ಲು ಕತ್ತರಿಸುವುದರಲ್ಲಿ ನನಗೆ ಯಾವ ಪ್ರತಿಭೆಯೂ ಇರಲಿಲ್ಲ. ಇದ್ದ ಅರ್ಹತೆ ಒಂದೇ: ನಾನು ನನ್ನ ಅಕ್ಕನ ತಮ್ಮ. ಆ ಒಂದು ಅರ್ಹತೆಯ ಮೇಲೆ ನಾಲ್ಕು ಬೇಸಿಗೆಗಳ ಕಾಲ, ಎರಡು ವಾರಕ್ಕೊಮ್ಮೆ, ಜಾರ್ಜಿಯಾದ ಸುವಾನಿಯಿಂದ ದಕ್ಷಿಣ ಕ್ಯಾರೊಲೈನಾದ ಫೋರ್ಟ್ ಮಿಲ್‌ವರೆಗೆ ಮೂರೂವರೆ ಗಂಟೆ ಕಾರು ಓಡಿಸಿದ್ದೇನೆ. ಹೋಗುವಾಗ ನಿದ್ದೆಗಣ್ಣು, ಬರುವಾಗ ಹೂಪುಡಿಯ ಅಲರ್ಜಿಯಿಂದ ಊದಿದ ಕಣ್ಣು. ಸೋಮವಾರ ಆಫೀಸಿನಲ್ಲಿ ನನ್ನ ಮ್ಯಾನೇಜರ್, ಇವನು ವಾರಾಂತ್ಯವೆಲ್ಲ ಯಾರಿಗಾಗಿಯೋ ಅಳುತ್ತಾನೆ ಎಂದುಕೊಂಡು ಬಹಳ ಮೃದುವಾಗಿ ಮಾತಾಡಿಸುತ್ತಿದ್ದರು. ನಾನೂ ಅದನ್ನು ತಿದ್ದಲು ಹೋಗಲಿಲ್ಲ.

ಕಥೆ ಶುರುವಾದದ್ದು ಎರಡು ಸಾವಿರದ ಒಂದರಲ್ಲಿ, ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ ಅಕ್ಕನ ಗಂಡನಿಗೆ ಕೆಲಸ ಹೋದಾಗ. ಭಾವ ಸಾಫ್ಟ್‌ವೇರಿನವರು. ಏಳು ವರ್ಷ ದುಡಿದ ಕಂಪನಿಯಲ್ಲಿ ಅವರ ನಿವೃತ್ತಿಗೆಂದು ಕೂಡಿಟ್ಟ ಹಣ ಷೇರುಗಳಲ್ಲಿತ್ತು. ಆ ವರ್ಷ ಅದು ಅರ್ಧಕ್ಕೆ ಕರಗಿತು. ಷಾರ್ಲೆಟ್‌ನ ಒಂದು ಬ್ಯಾಂಕಿನಲ್ಲಿ ಬೇರೆ ಕೆಲಸ ಸಿಕ್ಕಿ ಫೋರ್ಟ್ ಮಿಲ್‌ಗೆ ಮನೆ ಬದಲಾಯಿಸಿದರೂ ಭಾವನ ಮುಖದಲ್ಲಿ ಆ ಅರ್ಧ ಹಾಗೇ ಉಳಿದಿತ್ತು.

"ಷೇರು ಅಂದ್ರೆ ಏನೋ? ಕಾಗದ. ಭೂಮಿ ಕರಗುತ್ತಾ? ಹೇಳು, ಭೂಮಿ ಕರಗುತ್ತಾ?" ಎಂದು ಭಾವ ಕೇಳುತ್ತಿದ್ದರು. ಪ್ರಶ್ನೆಯ ಕೊನೆಗೆ ಎಡಹುಬ್ಬು ಮಾತ್ರ ಏರುತ್ತಿತ್ತು. ನಾನು ಆ ಹುಬ್ಬನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಅಕ್ಕನ ಮುಂದೆ ಪ್ರದರ್ಶಿಸಿ, ಅವಳ ಕೈಯಲ್ಲಿ ಚಪಾತಿ ಲಟ್ಟಣಿಗೆಯ ಏಟು ತಿಂದಿದ್ದೇನೆ.

ಆಮೇಲೆ ಯಾರೋ ಹೇಳಿಕೊಟ್ಟರು: ಹಳೆಯ ಕಂಪನಿಯ ನಿವೃತ್ತಿ ಹಣವನ್ನು ಐ ಆರ್ ಎ ಎಂಬ, ನಾವೇ ನಿರ್ಧರಿಸುವ ಬೇರೊಂದು ಖಾತೆಗೆ ಹಾಕಿದರೆ ಅದರಿಂದ ಜಮೀನೂ ಕೊಳ್ಳಬಹುದು. ಭಾವ ಎರಡು ಸಾವಿರದ ನಾಲ್ಕರಲ್ಲಿ ಊರಾಚೆ ಆರು ಎಕರೆ ಕೊಂಡರು. ಅರ್ಧ ಪೈನ್ ಮರ, ಅರ್ಧ ಹುಲ್ಲು. ಅದನ್ನು ನಾಲ್ಕು ಭಾಗ ಮಾಡಿ ಮಾರುವುದು ಯೋಜನೆ.

"ನಮ್ಮಪ್ಪ ಬೆಂಗಳೂರಲ್ಲಿ ಒಂದು ಸೈಟಿಗೆ ಅರ್ಜಿ ಹಾಕಿ ಹಾಕಿ ಕೂದಲು ಉದುರಿಸ್ಕೊಂಡ್ರು. ಅವರ ಮಗ ಲೇಔಟ್ ಮಾಡ್ತಾ ಇದಾನೆ, ನೋಡ್ತಾ ಇರು!"

"ಕೂದಲು ಮಾತ್ರ ಅಪ್ಪನ ದಾರೀಲೇ ಹೋಗ್ತಿದೆ ಭಾವ" ಎಂದೆ.

ಆದರೆ ಅದಕ್ಕೊಂದು ಕಟ್ಟಳೆಯಿತ್ತು. ಜಮೀನು ಭಾವನದಲ್ಲ, ಭಾವನ ನಿವೃತ್ತಿ ಖಾತೆಯದು. ಖಾತೆಯನ್ನು ನೋಡಿಕೊಳ್ಳುವ ಕಂಪನಿಯ ಹೆಂಗಸೊಬ್ಬಳು ಫೋನಿನಲ್ಲಿ ಅದನ್ನು ವಿವರಿಸಿದಳು. ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು. ಭಾವ, ಅವರ ಹೆಂಡತಿ, ತಂದೆತಾಯಿ, ಮಕ್ಕಳು, ಈ ಪೈಕಿ ಯಾರೂ ಆ ಜಮೀನನ್ನು ಬಳಸುವಂತಿಲ್ಲ, ಅಲ್ಲಿ ಕೆಲಸ ಮಾಡುವಂತಿಲ್ಲ. ಅದರ ತೆರಿಗೆಯನ್ನೂ ತಮ್ಮ ಜೇಬಿನಿಂದ ಕಟ್ಟುವಂತಿಲ್ಲ, ಖಾತೆಯ ಹಣದಿಂದಲೇ ಕಟ್ಟಬೇಕು. ತಪ್ಪಿದರೆ ಇಡೀ ಖಾತೆಯನ್ನೇ ಆ ವರ್ಷ ಒಡೆದಂತೆ ಲೆಕ್ಕ. ತೆರಿಗೆ, ಮೇಲೆ ದಂಡ. ಅಂದರೆ ಫೇರ್‌ಫ್ಯಾಕ್ಸ್‌ನ ಏಳು ವರ್ಷದಲ್ಲಿ ಉಳಿದಿದ್ದ ಆ ಅರ್ಧಕ್ಕೂ ಕತ್ತರಿ ಬೀಳುತ್ತದೆ.

"ಹಾಗಾದ್ರೆ ಹುಲ್ಲು ಯಾರು ಕತ್ತರಿಸೋದು?" ಎಂದು ಭಾವ ಕೇಳಿದರು. ಪಕ್ಕದ ಜಮೀನಿನ ಮುದುಕ ಆಗಲೇ ಹಾವು ಬರುತ್ತದೆಂದು ಎರಡು ಸಲ ಹೇಳಿಯಾಗಿತ್ತು.

"ಹೊರಗಿನವರು ಯಾರಾದರೂ ಆಗಬಹುದು, ಸರ್."

ಅಕ್ಕ ನನ್ನ ಕಡೆ ನೋಡಿದಳು. "ನನ್ನ ತಮ್ಮ?"

ಆ ಕಡೆ ಕಾಗದ ಮಗುಚುವ ಸದ್ದು. "ಹೆಂಡತಿಯ ತಮ್ಮನೇ? ಪಟ್ಟಿಯಲ್ಲಿಲ್ಲ, ಮೇಡಂ. ಕಾನೂನಿನ ಪ್ರಕಾರ ಅವರು ನಿಮಗೆ ಯಾರೂ ಅಲ್ಲ."

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ತಮ್ಮ ಇಲ್ಲದಿದ್ದರೆ ಅರಳು ಹಾಕಲು ಕೈಯೇ ಇರುವುದಿಲ್ಲ. ಅದೇ ಕೈಯಿಂದ ನಾನು ಭಾವನ ಮದುವೆಯಲ್ಲಿ ಅಕ್ಕನ ಬೊಗಸೆಗೆ ಅರಳು ಸುರಿದವನು. ಅಮೆರಿಕದ ತೆರಿಗೆ ಕಾನೂನು ಒಂದೇ ಏಟಿಗೆ ನನ್ನನ್ನು ಬೀದಿಗೆ ತಂದಿತು. ಅಕ್ಕನ ಮಗಳು, ಆಗ ಆರು ವರ್ಷ, ಬಹಳ ಕನಿಕರದಿಂದ ಕೇಳಿದಳು: "ಮಾಮಾ, ಯು ಆರ್ ನೋಬಡಿ?"

"ಹೂಂ ಪುಟ್ಟಿ. ಅದಕ್ಕೇ ನಂಗೆ ಕೆಲಸ ಸಿಕ್ಕಿದೆ."

ಹೀಗೆ ನಾನು ಆ ಖಾತೆಯ ಅಧಿಕೃತ ಹುಲ್ಲುಗಾರನಾದೆ. ಕಂಪನಿ ನನಗೆ ಚೆಕ್ ಕಳಿಸುತ್ತಿತ್ತು. ಅದು ದಾರಿಯ ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನು, ಮೋವರನ್ನು, ಪಕ್ಕದ ಮುದುಕ ಕೊಡುತ್ತಿದ್ದ. ಅವನ ಮಾತು ಜೇನುತುಪ್ಪದ ಹಾಗೆ. ಒಂದು ಪದ ಬಾಯಿಂದ ಕೆಳಗಿಳಿಯುವಷ್ಟರಲ್ಲಿ ನಾನೊಂದು ಸುತ್ತು ಹುಲ್ಲು ಹೊಡೆದು ಬರಬಹುದಿತ್ತು. ನಾನು ಅವನಂತೆಯೇ ಎಳೆದೆಳೆದು ಮಾತಾಡುತ್ತಿದ್ದೆ. ಅವನಿಗೆ ಅದು ಅಣಕವೆಂದು ತಿಳಿಯಲಿಲ್ಲ, ಈ ಹುಡುಗನ ಇಂಗ್ಲಿಷು ಕೊನೆಗೂ ಸುಧಾರಿಸುತ್ತಿದೆ ಎಂದು ಭಾವನ ಹತ್ತಿರ ಹೊಗಳಿದನಂತೆ.

ಭಾವ ಮಾತ್ರ ರಸ್ತೆಯ ಅಂಚಿನಲ್ಲಿ ನಿಲ್ಲುತ್ತಿದ್ದರು. ನೋಡಲು ಒಳಗೆ ಬರುವುದಕ್ಕೆ ಅಡ್ಡಿಯಿಲ್ಲವೆಂದು ಆ ಹೆಂಗಸು ಹೇಳಿದ್ದರೂ ಬರುತ್ತಿರಲಿಲ್ಲ. ಸೊಂಟದ ಮೇಲೆ ಕೈ, ತಲೆಗೆ ಬ್ಯಾಂಕಿನವರು ಕೊಟ್ಟ ಟೊಪ್ಪಿಗೆ. "ಲೋ, ಆ ಮೂಲೆ ಬಿಟ್ಟೆ ಕಣೋ! ಮೂಲೆ! ಮೂಲೆ!" ಮಗಳು ಒಂದು ಹುಲ್ಲುಕಡ್ಡಿ ಕಿತ್ತರೆ, "ಕೆಳಗೆ ಹಾಕು, ಕೆಳಗೆ ಹಾಕು" ಎಂದು ಗಾಬರಿಬಿದ್ದು ಸುತ್ತ ನೋಡುತ್ತಿದ್ದರು. ಪೈನ್ ಮರಗಳ ಹಿಂದೆ ತೆರಿಗೆ ಇಲಾಖೆಯವರು ಅಡಗಿ ಕುಳಿತಂತೆ.

ಭೂಮಿಪೂಜೆಯ ದಿನ ಇನ್ನೂ ಸೊಗಸು. ಪೂಜೆ ಇಲ್ಲದೆ ಸೈಟು ಮಾಡುವುದಿಲ್ಲವೆಂದು ಅಕ್ಕ ಹಟ ಹಿಡಿದಳು. ಭಾವ ಮತ್ತೆ ಆ ಕಂಪನಿಗೆ ಫೋನು ಮಾಡಿ, ಪೂಜೆ ಕೆಲಸವೋ ಅಲ್ಲವೋ ಎಂದು ವಿಚಾರಿಸಿದರು. ಆ ಹೆಂಗಸು ಮತ್ತೆ ಕಾಗದ ಮಗುಚಿ, "ಅದರಲ್ಲಿ ಸಲಿಕೆ ಬಳಸುತ್ತೀರಾ, ಸರ್?" ಎಂದಳು. ಬಳಸುತ್ತೇವೆ ಎಂದರು ಭಾವ, ಹರಿಶ್ಚಂದ್ರನ ಮೊಮ್ಮಗ. ಹಾಗಾದರೆ ಬೇರೆಯವರಿಂದ ಮಾಡಿಸಿ ಎಂದಳು.

ಮಣೆಯ ಮೇಲೆ ನಾನು ಕುಳಿತೆ. ಮೈಸೂರಿನ ಕಡೆಯ ಪುರೋಹಿತರು ಸಂಕಲ್ಪಕ್ಕೆ ನೀರು ಬಿಡುತ್ತ, "ಭೂಮಿ ಯಾರ ಹೆಸರಲ್ಲಿದೆ?" ಎಂದು ಕೇಳಿದರು.

"ನನ್ನ ರಿಟೈರ್ಮೆಂಟ್ ಅಕೌಂಟ್ ಹೆಸರಲ್ಲಿ" ಎಂದರು ಭಾವ ರಸ್ತೆಯಿಂದ.

"ಅದರ ಗೋತ್ರ?"

ಯಾರಿಗೂ ಗೊತ್ತಿರಲಿಲ್ಲ. ಪುರೋಹಿತರು ನನ್ನ ಗೋತ್ರ ಕೇಳಿ ಮುಂದುವರಿದರು. ಭಾವನ ಏಳು ವರ್ಷದ ದುಡಿಮೆ ನಮ್ಮಪ್ಪನ ಗೋತ್ರದಲ್ಲಿ ದೇವರಿಗೆ ದಾಖಲಾಯಿತು. ನಾನು ಅದೇ ಪುರೋಹಿತರ ಮೂಗಿನ ದನಿಯಲ್ಲಿ "ಐ ಆರ್ ಎ ಗೋತ್ರೋದ್ಭವಸ್ಯ" ಎಂದದ್ದಕ್ಕೆ ಅಕ್ಕ ನಕ್ಕಳು. ಭಾವ ನಗಲಿಲ್ಲ. ಗುದ್ದಲಿ ನನ್ನ ಕೈಯಲ್ಲಿತ್ತು. ಅವರು ಅದನ್ನೇ ನೋಡುತ್ತಿದ್ದರು.

ಆ ಭೂಮಿಯನ್ನು ಅವರು ಆರಿಸಿದ್ದೇ ವಾಸ್ತು ನೋಡಿ. ಇಳಿಜಾರು ಸರಿಯಾಗಿ ಈಶಾನ್ಯಕ್ಕೆ. "ಈಶಾನ್ಯದಲ್ಲಿ ನೀರಿರಬೇಕು. ಇಂಥ ಲ್ಯಾಂಡ್ ಬೆಂಗಳೂರಲ್ಲಿ ಸಿಗುತ್ತಾ?" ಎಂದು ಹುಬ್ಬೇರಿಸಿದ್ದರು. ಆ ಕಡೆ ಊರಿನ ಚರಂಡಿ ಕೊಳವೆ ಬಂದಿರಲಿಲ್ಲ. ಪ್ರತಿ ಸೈಟಿನ ಮನೆಯ ಬಚ್ಚಲ ನೀರು ಅಲ್ಲೇ ಮಣ್ಣಿನಲ್ಲಿ ಇಂಗಬೇಕಿತ್ತು. ಇಂಗುತ್ತದೆಯೇ ಎಂದು ಪರೀಕ್ಷಿಸದೆ ಕೌಂಟಿಯವರು, ಅಂದರೆ ಅಲ್ಲಿಯ ಜಿಲ್ಲಾಡಳಿತದವರು, ಭೂಮಿಯನ್ನು ಸೈಟುಗಳಾಗಿ ಒಡೆಯಲು ಬಿಡುವುದಿಲ್ಲ. ಪರೀಕ್ಷೆಯವನು ಬಂದು ನಾಲ್ಕು ಕಡೆ ಗುಂಡಿ ತೋಡಿ ನೀರು ಸುರಿದ. ಎತ್ತರದ ಎರಡು ಗುಂಡಿಗಳು ಕುಡಿದವು. ಈಶಾನ್ಯದ ಎರಡರಲ್ಲಿ ಕೆಂಪು ಜೇಡಿಮಣ್ಣು ನೀರನ್ನು ಲೋಟದಂತೆ ಹಿಡಿದು ನಿಂತಿತು. ಎರಡು ವಾರ ಬಿಟ್ಟು ನಾನು ಹುಲ್ಲಿಗೆ ಹೋದಾಗಲೂ ಅಲ್ಲಿ ನೀರಿತ್ತು, ಕಪ್ಪೆಯೂ ಸೇರಿಕೊಂಡಿತ್ತು.

"ಭಾವ, ವಾಸ್ತು ಪಾಸು. ನೂರಕ್ಕೆ ನೂರು" ಎಂದು ರಸ್ತೆಯತ್ತ ಕೂಗಿದೆ.

ಅವರು ಕಾರಿನೊಳಗೆ ಹೋಗಿ ಕೂತರು. ಈ ಮಾತನ್ನು ನಾನು ವಾಪಸು ತೆಗೆದುಕೊಳ್ಳಬಹುದಿತ್ತು. ಹಾಸ್ಯಗಾರನ ಕಷ್ಟ ಇದೇ: ಆಡಿದ ಮೇಲೆ ಹೊಳೆಯುತ್ತದೆ.

ನಾಲ್ಕು ಸೈಟು ಎರಡಾಯಿತು. ಸರ್ವೆಯವರು ಹೊಸ ನಕ್ಷೆ ಮಾಡಿ ಕಿತ್ತಳೆ ರಿಬ್ಬನ್ ಕಟ್ಟಿದ ಗೂಟ ನೆಟ್ಟರು. ಹಿಂಬದಿಯ ಸೈಟಿಗೆ ದಾರಿ ಎಷ್ಟು ಅಗಲವಿರಬೇಕೆಂದು ಕೌಂಟಿ ಕಚೇರಿಯಲ್ಲಿ ಒಂದು ವರ್ಷ ಕಳೆಯಿತು. ಒಬ್ಬ ಗುಮಾಸ್ತೆ ಪ್ರತಿ ಸಲವೂ ಒಂದು ಕಾಗದ ಕಡಿಮೆಯಿದೆ ಎನ್ನುತ್ತಿದ್ದಳಂತೆ. "ಥೇಟ್ ನಮ್ಮ ತಾಲ್ಲೂಕಾಫೀಸು ಕಣೋ, ಫ್ಯಾನು ಮಾತ್ರ ಇಲ್ಲ" ಎಂದರು ಭಾವ. ಬಹಳ ದಿನದ ಮೇಲೆ ಅವರು ಆಡಿದ ತಮಾಷೆ. ಒಪ್ಪಿಗೆ ಸಿಕ್ಕಿದ್ದು ಎರಡು ಸಾವಿರದ ಏಳರ ಕೊನೆಗೆ. ಆ ಹೊತ್ತಿಗೆ ಮನೆ ಕಟ್ಟುವವರೆಲ್ಲ ಕಟ್ಟಿದ ಮನೆಯನ್ನೇ ಮಾರಲಾಗದೆ ಕೂತಿದ್ದರು. ನಮ್ಮ 'ಮಾರಾಟಕ್ಕಿದೆ' ಹಲಗೆಯ ಸುತ್ತಲೂ ನಾನು ಜೋಪಾನವಾಗಿ ಹುಲ್ಲು ಹೊಡೆಯುತ್ತಿದ್ದೆ. ಅದನ್ನು ಓದಿದ್ದು ನಾನೂ ಕಪ್ಪೆಯೂ.

ಎಂಟರ ಬೇಸಿಗೆಯಲ್ಲಿ ಭಾವನ ಬ್ಯಾಂಕು ಅವರನ್ನು ಮನೆಗೆ ಕಳಿಸಿತು. ಖಾತೆಯಲ್ಲಿದ್ದ ಚಿಲ್ಲರೆ ಹಣ ಸರ್ವೆಗೆ, ಪರೀಕ್ಷೆಗೆ, ನನ್ನ ಹುಲ್ಲಿಗೆ ಮುಗಿದಿತ್ತು. ವರ್ಷದ ಭೂಮಿ ತೆರಿಗೆ ಎದುರಿಗಿತ್ತು. ಖಾತೆಗೆ ಹೊಸದಾಗಿ ತುಂಬುವುದು ಸಂಬಳದಿಂದ ಮಾತ್ರ, ಅದೂ ವರ್ಷಕ್ಕೆ ಇಷ್ಟೇ ಎಂದು; ಆ ವರ್ಷದ ಪಾಲು ಮುಗಿದಿತ್ತು, ಸಂಬಳವೂ ಇಲ್ಲ. ಅಕ್ಕ ಬಳೆ ಬಿಚ್ಚಿಕೊಟ್ಟರೂ ಆ ದುಡ್ಡಿನಿಂದ ತೆರಿಗೆ ಕಟ್ಟಿದರೆ ಖಾತೆ ಒಡೆದಂತೆ. ಕಟ್ಟದಿದ್ದರೆ ಭೂಮಿ ಹರಾಜಿಗೆ. ಭಾವ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ನಿಯಮದ ಹಾಳೆಯ ಮುಂದೆ ಹಾಲು ತೆಗೆಯಲು ಬಂದವರು ಬಾಗಿಲು ಅರ್ಧ ತೆರೆದು ಹಾಗೇ ನಿಂತುಬಿಡುತ್ತಿದ್ದರು. "ಬಾಗಿಲು ಹಾಕ್ರೀ, ಹಾಲು ಕೆಡುತ್ತೆ" ಎನ್ನುತ್ತಿದ್ದಳು ಅಕ್ಕ.

ಆ ಜುಲೈನ ಒಂದು ಶನಿವಾರ ನಾನು ನೇರವಾಗಿ ಜಮೀನಿಗೆ ಹೋದೆ. ಭಾವನ ಕಾರು ಆಗಲೇ ಅಲ್ಲಿತ್ತು. ರಸ್ತೆಯ ಅಂಚಿನಲ್ಲಿ ಅವರಿರಲಿಲ್ಲ. ಒಳಗೆ, ಮೂಲೆಯ ಗೂಟದ ಹತ್ತಿರ, ಕುಕ್ಕರುಗಾಲಲ್ಲಿ ಕೂತು ಗೂಟಕ್ಕೆ ಹಬ್ಬಿದ್ದ ಒಂದು ಬಳ್ಳಿಯನ್ನು ಬಿಡಿಸುತ್ತಿದ್ದರು. ರಿಬ್ಬನ್ ಕಾಣುತ್ತಿರಲಿಲ್ಲವೆಂದು ಇರಬೇಕು. ನನ್ನ ಹೆಜ್ಜೆ ಕೇಳಿ ಬೆಚ್ಚಿದರು.

"ಯಾರಾದ್ರೂ ನೋಡಿದ್ರಾ?"

"ಇಲ್ಲ ಭಾವ. ನಾನೇ. ನಾನು ಯಾರೂ ಅಲ್ವಲ್ಲ."

ಅವರು ಕೈಯಲ್ಲಿದ್ದ ಬಳ್ಳಿಯನ್ನು ನೋಡಿದರು. ಮತ್ತೆ ಅದನ್ನು ಗೂಟದ ಮೇಲೆ, ಮೊದಲು ಇದ್ದ ಹಾಗೇ, ಎಲೆ ಮೇಲ್ಮುಖವಾಗುವಂತೆ ಹೊದಿಸಿದರು. ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ರಸ್ತೆಗೆ ಹೋದರು. ನಾನು ಇಡೀ ಊರನ್ನು ಅಣಕಿಸಿದವನು. ಬಳ್ಳಿ ಹೊದಿಸಿದ ಆ ಕೈಯನ್ನು ಮಾತ್ರ ಯಾವ ಪಾರ್ಟಿಯಲ್ಲೂ ಮಾಡಿ ತೋರಿಸಿಲ್ಲ.

ನಾನು ಮುಂದಿನ ಸಲ ಹೋದಾಗ ಆ ಬಳ್ಳಿ ಒಣಗಿತ್ತು. ಅಷ್ಟರಲ್ಲಿ ಭಾವ ನಿರ್ಧಾರ ಮಾಡಿದ್ದರು. ಪಕ್ಕದ ಮುದುಕ ಆರೂ ಎಕರೆಯನ್ನು ಒಟ್ಟಾಗಿ ಕೊಳ್ಳಲು ಸಿದ್ಧನಿದ್ದ, ಭಾವ ಕೊಟ್ಟದ್ದಕ್ಕಿಂತ ಕಡಿಮೆಗೆ. ನಾಲ್ಕು ವರ್ಷದ ನಕ್ಷೆ, ಗೂಟ, ದಾರಿಯ ಅಗಲ, ಯಾವುದೂ ಅವನಿಗೆ ಬೇಕಿರಲಿಲ್ಲ. ಹಾವು ಬರದಿದ್ದರೆ ಸಾಕಿತ್ತು.

"ಇನ್ನೊಂದು ವರ್ಷ ಕಾಯಬಹುದಿತ್ತೇನೋ" ಎಂದೆ.

"ಕಾದ್ರೆ ಒಂದಿನ ನಾನೇ ತಡೀಲಾರದೆ ಏನಾದ್ರೂ ಮಾಡಿಬಿಡ್ತೀನಿ ಕಣೋ" ಎಂದರು ಭಾವ. "ಇರೋದಾದ್ರೂ ಇರಲಿ."

ಸೆಪ್ಟೆಂಬರಿನಲ್ಲಿ ಭೂಮಿ ಹೋಯಿತು, ಹಣ ಖಾತೆಗೆ ಮರಳಿತು. ಫೇರ್‌ಫ್ಯಾಕ್ಸ್‌ನ ಏಳು ವರ್ಷದಲ್ಲಿ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಆದರೆ ಖಾತೆ ಒಡೆಯಲಿಲ್ಲ.

ಮುಂದಿನ ಶನಿವಾರ ಮುದುಕನಿಗೆ ಜಮೀನಿನ ಕಾಗದ ಒಪ್ಪಿಸಿ ಬರಲು ಭಾವ ನನ್ನನ್ನೂ ಕರೆದೊಯ್ದರು. ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಮುದುಕ ಮೋವರನ್ನು ಹೊರಗೆ ತಂದು ನಿಲ್ಲಿಸಿದ್ದ; ನಾನು ರೂಢಿಯಂತೆ ಅದರ ಕಡೆ ನಡೆದೆ.

"ತಾಳು" ಎಂದರು ಭಾವ. "ಈಗ ಇದು ನಂದಲ್ಲ, ಅಲ್ವಾ?"

"ಅಲ್ಲ."

"ಅಕೌಂಟಿಂದೂ ಅಲ್ಲ."

"ಅಲ್ಲ ಭಾವ."

ಮುದುಕನನ್ನು ಕೇಳಿದರು. ಅವನು ಬಹಳ ಉದ್ದವಾದ ಒಂದು "ಶೂರ್" ಅಂದ. ಅದು ಮುಗಿಯುವಷ್ಟರಲ್ಲಿ ಭಾವ ಮೋವರಿನ ಮೇಲೆ ಕೂತಿದ್ದರು. ಬ್ಯಾಂಕಿನ ಟೊಪ್ಪಿಗೆ ಇರಲಿಲ್ಲ. ಬಿಸಿಲು ನೇರ ತಲೆಗೆ ಹೊಡೆಯುತ್ತಿತ್ತು. ಎಂಜಿನ್ ಶುರುವಾಯಿತು. ಅವರು ಪರರ ಹುಲ್ಲನ್ನು ಸೊಟ್ಟಸೊಟ್ಟಾಗಿ, ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ ಕತ್ತರಿಸುತ್ತ, ಇಳಿಜಾರಿನಲ್ಲಿ ಕಪ್ಪೆಯ ಗುಂಡಿಯವರೆಗೂ ಹೋಗಿ ಬಂದರು. ನಾನು ರಸ್ತೆಯ ಅಂಚಿನಲ್ಲಿ, ನಾಲ್ಕು ವರ್ಷ ಅವರು ನಿಂತು ಸವೆಸಿದ ಜಾಗದಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಮೂಲೆ ಬಿಟ್ರಿ, ಭಾವ! ಮೂಲೆ! ಮೂಲೆ!"

ಕೇಳಿಸಿತೋ ಇಲ್ಲವೋ. ಅವರು ಮೋವರನ್ನು ನಿಧಾನವಾಗಿ ತಿರುಗಿಸಿ ಬಿಟ್ಟುಹೋದ ಮೂಲೆಗೆ ವಾಪಸು ಹೋದರು.