ಕದಿರಮ್ಮನ ಹೆಸರು ಬಂದ ಪುಟ

ಬೆಳಗಿನ ಐದು ಗಂಟೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಕಲ್ಯಾಣಿ ಹುಳುವಿನ ಮನೆಯ ಬಾಗಿಲು ತೆರೆದು, ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಾರೆ. ಅರವತ್ತು ತಟ್ಟೆಗಳಲ್ಲಿ ರೇಷ್ಮೆಹುಳು ಮೂರನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವ ಮುನ್ನ ಹುಳು ಮೇವು ತೊರೆದು, ತಲೆಯೆತ್ತಿ, ಅಲುಗದೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಮುಕ್ಕಾಲು ಪಾಲು ಎದ್ದಿವೆ, ಹಸಿದು ತಡಕಾಡುತ್ತಿವೆ. ಆದರೂ ಕಲ್ಯಾಣಿ ಸೊಪ್ಪು ಹಾಕುವುದಿಲ್ಲ. ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿ ನಡುಮನೆಗೆ ಬಂದು, ಬುದ್ಧನ ಪಟದ ಕೆಳಗಿರುವ ಕಂಪ್ಯೂಟರ್ ಹಾಕುತ್ತಾರೆ. ಮೋಡೆಮ್ಮು ಕಿರುಚಿಕೊಂಡು ಟೆಲಿಫೋನ್ ಲೈನು ಹಿಡಿಯುವಷ್ಟರಲ್ಲಿ ಒಲೆಯ ಮೇಲೆ ಕಾಫಿ ನೀರು ಕುದಿಯುತ್ತದೆ.

ಅವರು ಕಾಯುತ್ತಿರುವುದು ಒಂದು ಉತ್ತರಕ್ಕೆ. ಏಳು ದೇಶಗಳಲ್ಲಿ ಹರಡಿಕೊಂಡಿರುವ ಹನ್ನೊಂದು ಜನ ಸಂಬಳವಿಲ್ಲದೆ ಸೇರಿ ಕಟ್ಟುತ್ತಿರುವ ಒಂದು ತಂತ್ರಾಂಶಕ್ಕೆ ಮುಂದಿನ ಎರಡು ವರ್ಷದ ಯೋಜನೆಯನ್ನು ಕಲ್ಯಾಣಿ ಬರೆದು ಕಳಿಸಿ ಎಂಟು ದಿನವಾಗಿದೆ. ತಂಡ ಒಪ್ಪಿದರೆ ಕೆಲಸ ಶುರು. ಒಪ್ಪದಿದ್ದರೆ, ಹೊಸ ನಿಯಮಾವಳಿಯ ಸಹವಾಸವೇ ಬೇಡವೆಂದು ಕೈಬಿಡುವುದು ಖಚಿತ.

ಇದು ಹೆಸರು, ಇದು ಊರು, ಇದು ವಯಸ್ಸು ಎಂದು ಮಾಹಿತಿಗೆ ಗುರುತು ಹಚ್ಚಿಡುವ ಕ್ರಮಕ್ಕೆ ಎಕ್ಸ್‌ಎಂಎಲ್ ಎನ್ನುತ್ತಾರೆ. ಹಾಗೆ ಗುರುತು ಹಚ್ಚಿದ್ದನ್ನು ಓದಿ, ಪುಸ್ತಕದ ಪುಟವಾಗಿಯೋ ಅಂತರ್ಜಾಲದ ಪುಟವಾಗಿಯೋ ಜೋಡಿಸಿ ಕೊಡುವುದು ಇವರ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಹೇಗೆ ಜೋಡಿಸಬೇಕೆಂಬುದಕ್ಕೆ ಜಗತ್ತಿಗೆಲ್ಲ ಒಂದೇ ನಿಯಮಾವಳಿಯಿದೆ. ಅದರ ಎರಡನೇ ಆವೃತ್ತಿ ಈ ವರ್ಷ, ಎಂದರೆ ೨೦೦೭ರ ಜನವರಿಯಲ್ಲಿ ಹೊರಬಂದಿದೆ.

ನಲವತ್ತೊಂದರ ಕಲ್ಯಾಣಿ ಗೌರಿಬಿದನೂರಿನ ಶಾಲಾ ಜವಾನ ಚೆನ್ನರಾಯಪ್ಪನವರ ಮಗಳು. ಬಿ.ಎಸ್ಸಿ. ಮುಗಿಸಿ, ಮೇಷ್ಟ್ರು ಭಾನುಪ್ರಕಾಶ್ ಅವರನ್ನು ಮದುವೆಯಾಗಿ ಈ ಊರಿಗೆ ಬಂದಾಗ ಹುಳು ಮುಟ್ಟಲೂ ಅಂಜುತ್ತಿದ್ದರಂತೆ. ಮಗ ಶಾಲೆಗೆ ಸೇರಿದ ಮೇಲೆ ಚಿಂತಾಮಣಿಯ ವೆಂಕಟೇಶ್ ಅವರ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ ಹಿಡಿದರು. ನಾಲ್ಕು ವರ್ಷದ ಹಿಂದೆ, ಪ್ರೆಸ್ಸಿನಲ್ಲಿ ಬಳಸುತ್ತಿದ್ದ ಈ ತಂತ್ರಾಂಶ ಕನ್ನಡದ ಒತ್ತಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿದಾಗ, ತಡವರಿಸುವ ಇಂಗ್ಲಿಷಿನಲ್ಲಿ ತಂಡಕ್ಕೆ ಒಂದು ದೂರು ಬರೆದರು. ಮರುದಿನವೇ ಉತ್ತರ ಬಂತು: ನಿಮ್ಮ ಪ್ರಕಾರ ಇದು ಹೇಗಿರಬೇಕು?

"ಮನೇಲಿ ಎಲ್ರೂ ನನ್ನ ಕೇಳ್ತಾರೆ. ಟವಲ್ ಎಲ್ಲಿ, ಬೀಗದ ಕೈ ಎಲ್ಲಿ ಅಂತ," ಎನ್ನುತ್ತಾರೆ ಕಲ್ಯಾಣಿ. "ಹೇಗಿರಬೇಕು ಅಂತ ಕೇಳಿದ್ದು ಅವರೇ ಮೊದಲು. ಆ ಒಂದು ಸಾಲು ಓದ್ಕೊಂಡು ಒಂದು ವಾರ ಸುಮ್ನೆ ಓಡಾಡಿದೀನಿ."

ಅಂದಿನಿಂದ ತಂತ್ರಾಂಶ ಎಲ್ಲೆಲ್ಲಿ ತಪ್ಪಬಹುದೆಂದು ಊಹಿಸಿ ಪರೀಕ್ಷೆ ಬರೆಯುವುದು ಅವರ ಪಾಲಿನ ಕೆಲಸ. ಬರೆದಿದ್ದು ಸಾವಿರದ ನೂರು ದಾಟಿದೆ. ದಿನಕ್ಕೆ ಮೂರು ಹೊತ್ತು ಸೊಪ್ಪು, ತಂಡದ ಮೂವತ್ತು ಪತ್ರ, ಪ್ರೆಸ್ಸಿಗೆ ಒಂಬತ್ತೂವರೆಯ ಬಸ್ಸು. ಊರಿನವರ ಲೆಕ್ಕದಲ್ಲಿ ಅವರು ಮೇಷ್ಟ್ರ ಹೆಂಡತಿ, ಟೈಪಿಂಗ್ ಮಾಡುವಾಕೆ.

ಎಡವಟ್ಟಾಗಿದ್ದು ಜೂನ್‌ನಲ್ಲಿ. ಹೊಸ ನಿಯಮಗಳಲ್ಲಿ ಅರ್ಧದಷ್ಟು ಮಾತ್ರ ತಂತ್ರಾಂಶದೊಳಗೆ ಸಿದ್ಧವಾಗಿದ್ದವು. ತಡೆಯಲಾರದ ಉತ್ಸಾಹದಲ್ಲಿ ಕಲ್ಯಾಣಿ ಆ ಅರೆಬೆಂದ ತಂತ್ರಾಂಶವನ್ನೇ ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿಬಿಟ್ಟರು. ಅವತ್ತಿನ ಕೆಲಸ ಅವರೂರಿನದೇ ಹಾಲಿನ ಸಂಘದ ಸದಸ್ಯರ ಪುಸ್ತಕ. ಒಂದು ಮನೆಯವರ ಹೆಸರು ತೋರಿಸು ಎಂದರೆ ಹಳೆಯ ನಿಯಮ ಆ ಮನೆಯ ಪಟ್ಟಿಯ ಮೊದಲನೇ ಹೆಸರನ್ನಷ್ಟೇ ಅಚ್ಚಿಗೆ ಕೊಡುತ್ತಿತ್ತು. ಮೊದಲನೆಯದು ಯಜಮಾನರದು. ಹೊಸ ನಿಯಮ ಹಾಗಲ್ಲ, ಇದ್ದವರನ್ನೆಲ್ಲ ಸಾಲಾಗಿ ಕೊಡುತ್ತದೆ. ನಲವತ್ತು ಪುಟದ ಪುಸ್ತಕ ಎಪ್ಪತ್ತಕ್ಕೆ ಹಿಗ್ಗಿತು. ಯಾರೂ ನೋಡದೆ ನೂರು ಪ್ರತಿ ಅಚ್ಚೂ ಆಯಿತು.

ವೆಂಕಟೇಶ್ ಹಾಳೆಯ ರಾಶಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದು ಕಲ್ಯಾಣಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಏನಕ್ಕಾ, ಸಂಘದ ಪುಸ್ತಕ ಮಾಡಿ ಅಂದ್ರೆ ಜನಗಣತಿ ಮಾಡಿಟ್ಟಿದ್ದೀರ?"

ರದ್ದಿ ಹಾಳೆ ಅಂಗಡಿಗೆ ಪೊಟ್ಟಣ ಕಟ್ಟಲು ಹೋಯಿತು. ಹದಿನೈದು ದಿನದ ಮೇಲೆ ಪಕ್ಕದ ಬೀದಿಯ ಕದಿರಮ್ಮ, ಎರಡು ಸೀಮೆಹಸು ಕಟ್ಟಿ ಮೂವತ್ತು ವರ್ಷದಿಂದ ಸಂಘಕ್ಕೆ ಹಾಲು ಹಾಕುತ್ತಿರುವಾಕೆ, ಬೆಲ್ಲದ ಅಂಟು ಹಿಡಿದ ಒಂದು ಹಾಳೆ ಹಿಡಿದು ಮನೆಗೆ ಬಂದರು. ಮೊಮ್ಮಗಳು ಓದಿ ಹೇಳಿದ್ದಳಂತೆ. "ಇದರಾಗೆ ನಾನಿದ್ದೀನಂತೆ ಕಣಮ್ಮ. ಹಾಲು ಹಿಂಡೋಳು ನಾನು, ಪುಸ್ತಕದಾಗೆ ಇಷ್ಟು ವರ್ಷ ನಮ್ಮ ಯಜಮಾನ್ರು. ಇದು ನಾನು ಇಟ್ಕೊಳ್ಲಾ?"

ವಿಷಯ ತಿಳಿದ ತಂಡಕ್ಕೆ ಮಾತ್ರ ಗಾಬರಿ. ಹಳೆಯ ಪುಸ್ತಕಗಳೆಲ್ಲ ಹೀಗೆ ಕೆಡುವುದಾದರೆ ಹೊಸದು ಬೇಡವೆಂದರು ಕೆಲವರು. ಆದದ್ದನ್ನು ಆದಂತೆ ಬಿಡುಗಡೆ ಮಾಡುತ್ತ ಹೋಗೋಣವೆಂದರು ಉಳಿದವರು. ಯೋಜನೆ ನಾನೇ ಬರೆಯುತ್ತೇನೆಂದು ಕಲ್ಯಾಣಿ ಒಪ್ಪಿಕೊಂಡರು. ಎರಡು ವಾರ ಹಾಳೆ ಬರೆದು ಹರಿದು, ಕೊನೆಗೆ ದಾರಿ ಸಿಕ್ಕಿದ್ದು ತಟ್ಟೆಗಳ ನಡುವೆ. ಎದ್ದ ಹುಳುಗಳಿಗೆ ಸೊಪ್ಪು ಹಾಕಲು ಹೋದವರ ಕೈಯನ್ನು ಅತ್ತೆ ಅಶ್ವತ್ಥಮ್ಮ ಹಿಡಿದುಕೊಂಡರು. "ತಾಳೇ. ಎದ್ದವಕ್ಕೆ ಈಗ್ಲೇ ಹಾಕಿದ್ರೆ ಅವು ಮುಂದೋಗ್ತವೆ, ಜ್ವರದಾಗಿರೋವು ಹಿಂದುಳೀತವೆ. ಆಮೇಲೆ ಗೂಡು ಒಂದೇ ಸಮ ಬರಲ್ಲ."

ಯೋಜನೆಯ ಹುರುಳು ಅಷ್ಟೇ. ಹೊಸ ನಿಯಮಗಳೆಲ್ಲ ಸಿದ್ಧವಾಗುವವರೆಗೆ ಯಾವುದೊಂದನ್ನೂ ಹೊರಬಿಡುವುದಿಲ್ಲ. ಹಳೆಯ ಆವೃತ್ತಿಯೆಂದು ಗುರುತಿರುವ ಕಡತ ಹಳೆಯ ರೀತಿಯಲ್ಲೇ ನಡೆಯುತ್ತದೆ. ಹೊಸದು ಬೇಕೆಂದು ಕೇಳಿದವರಿಗೆ ಮಾತ್ರ ಹೊಸದು. ಜೊತೆಗೆ ಇನ್ನೂರ ಹದಿನಾಲ್ಕು ಹೊಸ ಪರೀಕ್ಷೆಗಳು. ಅದರಲ್ಲಿ ಮೊದಲನೆಯದಕ್ಕೆ ಬಳಸಿರುವುದು ಕದಿರಮ್ಮನ ಮನೆಯವರ ಪಟ್ಟಿ.

ಈ ಬೆಳಿಗ್ಗೆ ಕಂಪ್ಯೂಟರಿಗೆ ಉತ್ತರದ ಪತ್ರ ಇಳಿಯುತ್ತಿದೆ. ತಂಡದ ಹಿರಿಯರು, ನಾರ್ವೆಯ ಒಬ್ಬ ನಿವೃತ್ತ ಮೇಷ್ಟ್ರು, ಮೂರೇ ಸಾಲು ಬರೆದಿದ್ದಾರೆ: ಎಂಟು ಜನ ಒಪ್ಪಿದ್ದಾರೆ, ನಿಮ್ಮ ಯೋಜನೆಯಂತೆಯೇ ನಡೆಯೋಣ. ಮೊದಲ ಪರೀಕ್ಷೆ ಆಗಲೇ ಓಡಿಸಿದ್ದೇವೆ. ಈ ಕದಿರಮ್ಮ ಯಾರು?

ಕಲ್ಯಾಣಿ ಕೊನೆಯ ಸಾಲನ್ನು ಮತ್ತೊಮ್ಮೆ ಓದುತ್ತಾರೆ. ಕಾಫಿ ಆರಿಹೋಗಿದೆ. ಹುಳುವಿನ ಮನೆಯಿಂದ ಅತ್ತೆಯ ಕೂಗು ಕೇಳುತ್ತದೆ. "ಏನೇ ಕಲ್ಯಾಣಿ, ನಿನ್ನ ಪೆಟ್ಟಿಗೆಗೂ ಜ್ವರವಾ? ಇಲ್ಲಿ ಎಲ್ಲಾ ಎದ್ದವೆ, ಬಾ."

ಬುಟ್ಟಿಯ ಗೋಣಿ ತೆಗೆದು, ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತ ಅವರು ನಗುತ್ತಾರೆ. ಇನ್ನೇನು ಆಸೆ ಎಂದರೆ ದೊಡ್ಡದೇನೂ ಇಲ್ಲ. ಕೈ ನಿಲ್ಲಿಸದೆಯೇ ಹೇಳುತ್ತಾರೆ: "ಎರಡು ವರ್ಷಕ್ಕೆ ಸಂಘದ ಪುಸ್ತಕ ಮತ್ತೆ ಅಚ್ಚಾಗತ್ತೆ. ಆವಾಗ್ಲೂ ಎಲ್ರ ಹೆಸರೂ ಬರ್ಬೇಕು. ಕೈತಪ್ಪಿ ಅಲ್ಲ, ಬೇಕೂಂತ್ಲೇ."