ಹಂಚದ ಗಿಣ್ಣು

ಅವತ್ತು ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೊಟ್ಟಿಗೆಗೂ ತಲೆಬಾಗಿಲಿಗೂ ಓಡಾಡಿದ್ದೇ ಓಡಾಡಿದ್ದು. ಒಲೆಯ ಮೇಲಿನ ಸಾರು ಉಕ್ಕಿ ಬೂದಿಯ ಪಾಲಾಯಿತು. ನಮ್ಮ ಆನಗೋಡಿಗೆ ದನದ ಡಾಕ್ಟರು ಬರುವವರಿದ್ದರು. ದಾವಣಗೆರೆಯ ಆಸ್ಪತ್ರೆಗೆ ಸರ್ಕಾರದ ಜಾತಿ ಹೋರಿ ಬಂದಿತ್ತು. ವರ್ಷಾವರ್ಷ ತಪ್ಪದೆ ಈಯುವ ಹಸುಗಳನ್ನೇ ಆರಿಸಿ, ಆ ಹೋರಿಗೆ ಕೂಡಿಸಿ ಒಳ್ಳೆಯ ತಳಿ ಎಬ್ಬಿಸಬೇಕೆಂದು ಅವರ ಯೋಜನೆ. ಆಗ ನಮ್ಮದಿನ್ನೂ ಮೈಸೂರು ರಾಜ್ಯ.

ನಮ್ಮ ಕೆಂದಹಸು ಹರಿಹರದ ನನ್ನ ತವರಿನಿಂದ ಬಳುವಳಿಯಾಗಿ ನನ್ನ ಹಿಂದೆಯೇ ಬಂದದ್ದು. ಡಾಕ್ಟರು ಒಲ್ಲೆ ಎಂದರೆ ಬರುವ ಸಂತೆಗೆ ಹೊಡೆಯುವುದೇ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದ್ದರು. ತಿನ್ನುವುದಕ್ಕೆ ಮುಂದು, ಈಯುವುದಕ್ಕೆ ಹಿಂದು ಎಂದು ಬೈಯುತ್ತಿದ್ದುದು ಹಸುವಿಗೆ. ಕಣ್ಣು ಮಾತ್ರ ನನ್ನ ಮೇಲೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಸು ಯಾವಾಗ ಈಯಿತೆಂದು ನಮ್ಮಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಈದಾಗ ಮೊದಲ ಹಾಲಿಗೆ ಬೆಲ್ಲ ಹಾಕಿ ಗಿಣ್ಣು ಕಾಸಿ ಓಣಿಗೆಲ್ಲ ಹಂಚುತ್ತಿದ್ದರು. ಅದರ ರುಚಿಯೇ ಎಲ್ಲರಿಗೂ ನೆನಪು. ಡಾಕ್ಟರು ಬಂದು ಕೇಳಿದಾಗ ಓಣಿಯ ಹೆಂಗಸರೆಲ್ಲ ಒಂದೇ ಮಾತು ಹೇಳಿದರು: ಈ ಮನೆಯ ಗಿಣ್ಣು ತಿಂದದ್ದು ಆಚೆ ವರ್ಷದ ಯುಗಾದಿಗೆ, ಆಮೇಲೆ ಇಲ್ಲ. ಇಷ್ಟು ಬಿಟ್ಟು ಈಯುವ ಹಸು ತಳಿಗೆ ಆಗದು ಎಂದು ಡಾಕ್ಟರು ತಲೆಯಾಡಿಸಿದರು.

ಆದರೆ ಹೋದ ವರ್ಷವೂ ಅದು ಈದಿತ್ತು. ಕರು ಸತ್ತೇ ಹುಟ್ಟಿತು. ಸತ್ತ ಕರುವಿನ ಗಿಣ್ಣನ್ನು ಯಾರೂ ಹಂಚುವುದಿಲ್ಲ, ಆ ಮಾತನ್ನೂ ಎತ್ತುವುದಿಲ್ಲ. ಅದೇ ವರ್ಷ ಹರಿಹರದಲ್ಲಿ ನನಗೆ ಹೆರಿಗೆಯಾಗಿತ್ತು. ಬರಿಗೈಲಿ ಗಂಡನ ಮನೆಗೆ ಬಂದಾಗ ಅತ್ತೆ ಹೇಳಿದ್ದು ಒಂದೇ, ಹೋದದ್ದನ್ನು ಬಾಯಲ್ಲಿ ತರಬಾರದು. ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರ ನನಗೆ ಸಾಕಾಗಿ ಹೋಗಿತ್ತು.

ಸೆರಗು ಸರಿಮಾಡಿಕೊಂಡು ಗಂಡಸರ ನಡುವೆಯೇ ಹೋಗಿ ನಿಂತೆ.

"ಹೋದ ವರ್ಷ ಈದೈತ್ರಿ. ಕರು ಉಳೀಲಿಲ್ಲ, ಅದಕ್ಕ ಯಾರಿಗೂ ಹೇಳಿಲ್ಲ."

ಅತ್ತೆಯ ಮುಖ ಕಪ್ಪಿಟ್ಟಿತು. ಡಾಕ್ಟರು ಅಂಗಿಯ ತೋಳು ಮಡಚಿ, ಕೈಗೆ ಎಣ್ಣೆ ಹಚ್ಚಿಕೊಂಡು ಹಸುವಿನ ಗರ್ಭಕೋಶ ಪರೀಕ್ಷೆ ಮಾಡಿದರು. ಏನೂ ದೋಷವಿರಲಿಲ್ಲ.

"ಅದನ್ನ ಯಾಕ ಬಿಟ್ರಿ?" ಎಂದರು ಅತ್ತೆಗೆ. "ಕರು ಸತ್ರೂ ಹಸು ಈದದ್ದು ಈದದ್ದೇ. ಅದೂ ಲೆಕ್ಕಕ್ಕೆ ಬರ್ತೈತೆ. ಇದನ್ನ ಮಾರಬ್ಯಾಡ್ರಿ, ಹೋರಿಗೆ ಹೊಡ್ಕೊಂಡು ಬರ್ರಿ."

ಅತ್ತೆ ಕೈತೊಳೆಯಲು ನೀರು ಹಾಕುತ್ತಿದ್ದಾಗ ಡಾಕ್ಟರು ಸುಮ್ಮನೆ ಮಾತಿಗೆಂದು ಮೊಮ್ಮಕ್ಕಳೆಷ್ಟು ಎಂದು ಕೇಳಿದರು. ಯಾರು ಕೇಳಿದರೂ ಇನ್ನೂ ಆಗಿಲ್ಲ ಎನ್ನುವುದು ಅತ್ತೆಯ ಬಾಯಿಪಾಠ. ನಾನು ಒಳಗೆ ಹೊರಟಿದ್ದೆ. ತಂಬಿಗೆಯ ನೀರು ನಿಂತಿತು.

"ಒಂದು ಗಂಡು ಆಗಿತ್ರಿ," ಎಂದರು ಅತ್ತೆ. "ಉಳೀಲಿಲ್ಲ."

ಹೊಸ್ತಿಲ ಮೇಲೆ ಕೂತು ಎಲ್ಲರ ಎದುರಿಗೇ ಅತ್ತುಬಿಟ್ಟೆ. ಅವತ್ತು ಅತ್ತೆ ಸುಮ್ಮನಿರು ಅನ್ನಲಿಲ್ಲ.