ನಾಲ್ಕಿದ್ದರೂ ಮೂರೇ ಸಾಕೆಂದ ಗೌರಕ್ಕ

ಬೆಳಗಿನ ಐದೂವರೆ. ಗೋಕಾಕ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಮುಖ್ಯರಸ್ತೆಯವರೆಗೂ ಸಾಲುಗಟ್ಟಿವೆ. ತೂಕದ ಕೋಣೆಯಲ್ಲಿ ನನ್ನ ಪಕ್ಕ ಕೂತ ಮೇಲವಂಕಿಯ ಗೌರಕ್ಕ ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳುತ್ತಿಲ್ಲ. ತೂಕದ ಚೀಟಿ ಕೊಡುವ ಜಾವಾ ಸಾಫ್ಟ್‌ವೇರ್ ಹದಿನೆಂಟು ದಿನಗಳಿಂದ, ಸರಿಯಾಗಿ ಗದ್ದಲದ ಹೊತ್ತಿಗೇ, ಆರರ ಆಸುಪಾಸು ಸತ್ತು ಬೀಳುತ್ತಿದೆ. ಎಬ್ಬಿಸಿದರೆ ಮತ್ತೆ ಬೀಳುತ್ತದೆ. ಚೀಟಿ ಇಲ್ಲದೆ ಕಬ್ಬು ಇಳಿಯುವುದಿಲ್ಲ. ಕಡಿದ ಕಬ್ಬು ನಿಂತಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಗೌರಕ್ಕ ಮಾಡಿರುವ ಬದಲಾವಣೆಗೆ ಇಂದು ಮೊದಲ ಪರೀಕ್ಷೆ.

ವಯಸ್ಸು ನಲವತ್ತೊಂದು. ಹಿಂದೆ ಇದೇ ಕೋಣೆಯಲ್ಲಿ ಕೈಯಿಂದ ಚೀಟಿ ಬರೆಯುತ್ತಿದ್ದವರು, ಈಗ ಇಲ್ಲಿನ ಸರ್ವರ್ ನೋಡಿಕೊಳ್ಳುವವರು. ಮೂಡಲಗಿಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತರು, ಉಳಿದದ್ದನ್ನು ಮೊಬೈಲ್ ವಿಡಿಯೋ ನೋಡಿ. ಎಂಥ ಛಲ ಅಂತೀರಿ!

ಈ ಸಾಫ್ಟ್‌ವೇರ್ ಇರುವುದು ಸರ್ವರ್‌ನೊಳಗೆ ಅಳತೆ ಹಾಕಿ ಬೇರ್ಪಡಿಸಿದ ಜಾಗದಲ್ಲಿ. ಅದಕ್ಕೆ ಕಂಟೇನರ್ ಎನ್ನುತ್ತಾರೆ. ಅದರ ಮೆಮೊರಿ ಮಿತಿ ನಾಲ್ಕು ಜಿಬಿ. ಕೂರಿಸಿದವರು ಆ ನಾಲ್ಕನ್ನೂ ಜಾವಾದ 'ಹೀಪ್'ಗೆ, ಅಂದರೆ ಮಾಹಿತಿ ತುಂಬಿಕೊಳ್ಳುವ ಭಾಗಕ್ಕೇ ಬರೆದುಬಿಟ್ಟಿದ್ದರು. ಟ್ರೇಲರ್ ಅಂಚು ಮೀರಿ ಕಬ್ಬು ಹೇರುವ ಸೀಮೆಯಲ್ಲಿ ಅದು ಯಾರಿಗೂ ತಪ್ಪೆನಿಸಲಿಲ್ಲ. ಆದರೆ ಜಾವಾಕ್ಕೆ ಹೀಪ್‌ನ ಹೊರಗೂ ಜಾಗ ಬೇಕು. ಒಟ್ಟು ಮಿತಿ ದಾಟಿದೊಡನೆ ಸರ್ವರ್ ಅದನ್ನು ಕೊಂದುಹಾಕುತ್ತದೆ, ಸಾಫ್ಟ್‌ವೇರ್‌ಗೆ ಕಾರಣ ಬರೆದಿಡಲೂ ಪುರುಸೊತ್ತಿಲ್ಲ.

"ತಾಟ ತುಂಬ ಅನ್ನ ಸುರದ್ರ ಸಾರ ಎಲ್ಲಿ ಹಾಕ್ತೀರಿ?" ಎನ್ನುತ್ತಾರೆ ಗೌರಕ್ಕ.

ಎರಡು ವಾರ, ಹತ್ತು ನಿಮಿಷಕ್ಕೊಮ್ಮೆ ಮೆಮೊರಿ ಬಳಕೆಯ ಅಂಕಿ ಬರೆದಿಟ್ಟರು. ಬೇಡದ್ದನ್ನೆಲ್ಲ ಜಾವಾ ತಾನೇ ಗುಡಿಸಿ ಹಾಕಿದ ಮೇಲೆ ಹೀಪ್ ಎರಡೂಕಾಲು ಜಿಬಿ ದಾಟಿದ್ದೇ ಇಲ್ಲ! ಹಾಗಾದರೆ ಹೀಪ್ ಮೂರಕ್ಕಿಳಿಸಿ ಉಳಿದ ಒಂದು ಜಿಬಿ ಹೊರಗಿನದಕ್ಕೆ ಬಿಡೋಣ ಎಂದಾಗ ಮ್ಯಾನೇಜರ್ ಶಿವಾನಂದ ನಕ್ಕುಬಿಟ್ಟರು.

"ಸಾಲವಲ್ದು ಅಂತ ಸಾಯಾಕತ್ತೈತಿ, ನೀವು ಇನ್ನೂ ಕಡಿಮಿ ಮಾಡ್ತೀರೇನ್ರಿ?"

"ಒಂದ ದಿನ ನೋಡ್ರಿ ಸರ. ಬಂದ್ ಬಿತ್ತಂದ್ರ ನಾ ಮತ್ತ ಸರ್ವರ್ ಮುಟ್ಟಂಗಿಲ್ಲ."

ಆರು ಆಯಿತು. ಆರೂಕಾಲು. ಏಳಾದರೂ ಚೀಟಿ ಬರುತ್ತಲೇ ಇವೆ. ಶಿವಾನಂದ ಬಂದು ಪರದೆ ನೋಡುತ್ತಾರೆ, ಕುರ್ಚಿ ಎಳೆದು ಅಲ್ಲೇ ಕೂರುತ್ತಾರೆ. ಒಂಬತ್ತಕ್ಕೆ ನೂರ ಮೂವತ್ತು ಟ್ರ್ಯಾಕ್ಟರ್ ತೂಗಿ ಮುಗಿದಿವೆ.

ದಡ್ಡಿ ಊರಿನ ರೈತ ಲಗಮಪ್ಪ ನಿನ್ನೆ ಕಡಿದ ಕಬ್ಬು ತಂದವರು. ಚೀಟಿ ಜೇಬಿಗಿಳಿಸಿ ಟ್ರ್ಯಾಕ್ಟರ್ ಏರುತ್ತಾರೆ, ಕೋಣೆಯತ್ತ ತಿರುಗಿಯೂ ನೋಡುವುದಿಲ್ಲ. ಬೇಸರವಿಲ್ಲವೇ ಎಂದು ಗೌರಕ್ಕನನ್ನು ಕೇಳುತ್ತೇನೆ.

"ಯಾಕ್ರಿ ಬ್ಯಾಸರ? ನಿನ್ನಿತನಾ ಎಲ್ಲಾರೂ ಕಿಟಕಿ ಬಡದ ಬೈತಿದ್ರು," ಎಂದು ನಗುತ್ತಾರೆ. "ಇವತ್ತ ನನ್ನ ಮಾರಿ ನೋಡದ ಹ್ವಾದ್ರು. ದಿನಾ ಹಿಂಗ ಹೋಗ್ಲಿ."